ಬೀಸುಕಲ್ಲಿಗೆ ನಟ್ ಹಾಕಿದ್ದು: ಅಪ್ಪನ ಶುಗರ್, ಜೋಳದ ನುಚ್ಚು, ಅರ್ಧ ಸುತ್ತು

ಕಲ್ಲು ನಮ್ಮ ಹಿತ್ತಲಲ್ಲೇ ಇತ್ತು. ಮೇಲಿನ ಕಲ್ಲಿನ ಮೇಲೆ ಅವ್ವ ತುಳಸಿ ಕುಂಡ ಇಟ್ಟಿದ್ದಳು. ಕೆಳಗಿನದು ಬಟ್ಟೆ ಒಗೆಯುವಾಗ ಕೂರುವ ಮಣೆಯಾಗಿತ್ತು. ಅಜ್ಜಿ ಯಲಬುರ್ಗಾ ಕಡೆಯಿಂದ ಮದುವೆಯಾಗಿ ಬಂದಾಗ ಬಂಡಿಯಲ್ಲಿ ಬಂದ ಕಲ್ಲಂತೆ. ಅದರಲ್ಲಿ ಕೊನೇ ಸಲ ಬೀಸಿದ್ದು ಯಾವಾಗ ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲ.

ನಾನು ಕೊಪ್ಪಳದಲ್ಲಿ ಮೋಟರ್ ರಿವೈಂಡಿಂಗ್ ಮಾಡುತ್ತೇನೆ. ಬೋರ್ ಮೋಟರ್, ಮಿಕ್ಸಿ, ಫ್ಯಾನು, ಸುಟ್ಟದ್ದೆಲ್ಲ ನಮ್ಮ ಅಂಗಡಿಗೆ ಬರುತ್ತದೆ. ಊಟದ ವಿಷಯದಲ್ಲಿ ತಲೆ ಹಾಕಿದವನಲ್ಲ. ಜನವರಿಯಲ್ಲಿ ಅಪ್ಪನ ರಿಪೋರ್ಟ್ ಬಂದ ಮೇಲೆ ಹಾಕಬೇಕಾಯಿತು. ವಯಸ್ಸು 61. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಅಂಕಿ) 7.4. ಟ್ರೈಗ್ಲಿಸರೈಡ್ (ರಕ್ತದ ಕೊಬ್ಬು) 238. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 136. ಬಿಪಿ 146/90. ಎಚ್‌ಬಿಎ1ಸಿ 6.5 ದಾಟಿದರೆ ಶುಗರ್ ಅಂತಲೇ ಲೆಕ್ಕ. ಡಾಕ್ಟರ್ ಮಾತ್ರೆ ಬರೆದುಕೊಟ್ಟರು. "ರಾತ್ರಿ ಅನ್ನ ಕಡಿಮಿ ಮಾಡ್ರಿ, ನಾರು ಇರೋದು ತಿನ್ರಿ, ಉಪ್ಪು ಇಳಿಸ್ರಿ, ಮೂರು ತಿಂಗಳಿಗೆ ಬರ್ರಿ" ಅಂದರು. ಮಾತು ಸರಿಯಾಗಿಯೇ ಇದೆ. ಆದರೆ ರಾತ್ರಿ ಅನ್ನದ ಜಾಗಕ್ಕೆ ಏನು ಬರಬೇಕು?

ಮೊದಲು ಅಂಗಡಿಗೆ ಹೋದೆ. ಹೃದಯದ ಚಿತ್ರ ಇರುವ ಓಟ್ಸ್ ಪ್ಯಾಕೆಟ್ ತಂದೆ. ಓಟ್ಸ್ ಕೆಟ್ಟದ್ದಲ್ಲ. ಅದರಲ್ಲಿ ಬೀಟಾ ಗ್ಲೂಕನ್ ಅಂತ ಲೋಳೆಯಂಥ ನಾರಿದೆ. ದಿನಕ್ಕೆ 3 ಗ್ರಾಂ ಹೊಟ್ಟೆಗೆ ಹೋದರೆ ಕೊಲೆಸ್ಟ್ರಾಲ್ ಸ್ವಲ್ಪ ಇಳಿಯುತ್ತದೆ. ಅಪ್ಪ ಎರಡು ದಿನ ತಿಂದರು. ಮೂರನೇ ದಿನ "ಇದೇನ್ ಗೋಡೆಗೆ ಅಂಟಿಸೋ ಸರಿ ಇದ್ದಂಗ ಐತಿ" ಅಂತ ತಟ್ಟೆ ಸರಿಸಿದರು. ಉಳಿದದ್ದನ್ನು ಅಕ್ಕನ ಮಗಳು ತಿಂದಳು.

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ದೊಡ್ಡ ಪಟ್ಟಿಯೊಂದನ್ನು ಹೊರತಂದಿದೆ. ಅದನ್ನು ತೆಗೆದು ನೋಡಿದೆ. 100 ಗ್ರಾಂ ಜೋಳದಲ್ಲಿ ನಾರು 10 ಗ್ರಾಂ. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮನೆಯ ಮೂಲೆಯಲ್ಲಿ ಜೋಳದ ಚೀಲ ಇಟ್ಟುಕೊಂಡು ನಾನು ಓಟ್ಸ್ ಹುಡುಕಿಕೊಂಡು ಹೋಗಿದ್ದೆ. ಹಾಗಂತ ಜೋಳ ಅಂದರೆ ಔಷಧಿ ಅಂತ ಹಾರಾಡುವ ಹಾಗೂ ಇಲ್ಲ. ಅದರಲ್ಲೂ 100 ಗ್ರಾಂಗೆ 67 ಗ್ರಾಂ ಮೇಲೆ ಕಾರ್ಬೋಹೈಡ್ರೇಟ್ ಇದೆ. ಅಳತೆ ಮೀರಿದರೆ ಜೋಳವೂ ಶುಗರ್ ಏರಿಸುತ್ತದೆ.

ವ್ಯತ್ಯಾಸ ಇರುವುದು ಕಾಳನ್ನು ಎಷ್ಟು ಒಡೆದಿದ್ದೇವೆ ಅನ್ನುವುದರಲ್ಲಿ. ನುಣ್ಣಗಿನ ಹಿಟ್ಟು ಹೊಟ್ಟೆಯಲ್ಲಿ ಬೇಗ ಕರಗಿ ಬೇಗ ರಕ್ತಕ್ಕೆ ಸೇರುತ್ತದೆ. ದಪ್ಪ ಚೂರಾದರೆ ಜೀರ್ಣರಸ ಒಳಗೆ ಇಳಿಯಲು ಹೊತ್ತು ಹಿಡಿಯುತ್ತದೆ. ಅದೂ ಅಲ್ಲದೆ ಜೋಳದಲ್ಲಿ ಪಿಷ್ಟದ ಸುತ್ತ ಒಂದು ಗಟ್ಟಿ ಪ್ರೋಟೀನು ಗೋಡೆ ಕಟ್ಟಿಕೊಂಡಿರುತ್ತದೆ. ಹಾಗಾದರೆ ನಮಗೆ ಬೇಕಾದ್ದು ನುಚ್ಚು.

ಮಿಕ್ಸಿಯಲ್ಲಿ ಮಾಡಿದೆ. ಅರ್ಧ ಹಿಟ್ಟಾಯಿತು, ಅರ್ಧ ಇಡೀ ಕಾಳು ಹಾಗೇ ಉಳಿಯಿತು. ಗಿರಣಿಗೆ ಕೊಟ್ಟೆ. ಅಲ್ಲಿ ನಮಗಿಂತ ಮುಂದೆ ಯಾರೋ ಖಾರಪುಡಿ ಬೀಸಿಸಿಕೊಂಡು ಹೋಗಿದ್ದರು. ಆ ನುಚ್ಚು ತಿಂದು ಅಪ್ಪನ ಕಣ್ಣಲ್ಲಿ ನೀರು ಬಂತು. ಆವತ್ತೇ ತುಳಸಿ ಕುಂಡ ಪಕ್ಕಕ್ಕೆ ಇಟ್ಟೆ.

ಫೆಬ್ರುವರಿ, ಮೊದಲ ಭಾನುವಾರ

ಕಲ್ಲಿನ ಅಗಲ 14 ಇಂಚು. ಮೇಲಿನದರ ದಪ್ಪ 3 ಇಂಚು, ತೂಕ 20 ಕೆಜಿ ಹತ್ತಿರ. ನಡುವಿನ ಬಾಯಿ 3 ಇಂಚು. ಗೂಟ ಇಲ್ಲ. ಕೆಳಗಿನ ಕಲ್ಲಿನ ನಡುವೆ ಇದ್ದ ಕಟ್ಟಿಗೆಯ ಕೀಲು ಕೊಳೆತು ಪುಡಿಯಾಗಿದೆ. ತೆಂಗಿನ ನಾರು ಹಾಕಿ ತಿಕ್ಕಿ ತೊಳೆದು ಬಿಸಿಲಿಗಿಟ್ಟೆ. ಒಣಗಿದ ಮೇಲೆ ಕೈಯಾಡಿಸಿದರೆ ಎರಡೂ ಮೈ ಗಾಜಿನ ಹಾಗೆ ಜಾರುತ್ತಿದ್ದವು.

ಕಿನ್ನಾಳ ರಸ್ತೆ ಕಡೆ ಒರಳು, ರುಬ್ಬುಗುಂಡು ಮಾರುವ ಅಜ್ಜ ಒಬ್ಬರಿದ್ದಾರೆ. ಕಲ್ಲನ್ನು ಟಂಟಂನಲ್ಲಿ ಹಾಕಿಕೊಂಡು ಹೋದೆ. ಅಜ್ಜ ಉಳಿ ಸುತ್ತಿಗೆ ಹಿಡಿದು ಒಂದೂವರೆ ತಾಸು ಕೂತರು. ಅವರು ಕಚ್ಚು ಹಾಕುವುದನ್ನು ನೋಡುತ್ತಾ ಒಂದು ಸಂಗತಿ ಗೊತ್ತಾಯಿತು. ಬಾಯಿಯ ಸುತ್ತ ಆಳಕ್ಕೆ ಹೊಡೆಯುತ್ತಾರೆ, ಅಂಚಿಗೆ ಬಂದ ಹಾಗೆ ಬರೀ ಚುಕ್ಕಿ ಚುಕ್ಕಿ. "ಕಾಳು ನಡುವ ಒಡೀಬೇಕು ತಮ್ಮಾ, ಅಂಚಿಗೆ ಬಂದು ಸಣ್ಣಾಗಬೇಕು. ಎಲ್ಲಾ ಒಂದ ಸಮ ಹೊಡದ್ರ ಕಾಳು ಒಳಗ ಹೋಗಂಗಿಲ್ಲ" ಅಂದರು. ನಾನು ಮೋಟರಿನ ಬುಶ್ಶಿಗೆ ಮೈಕ್ರೋಮೀಟರ್ ಹಿಡಿಯುತ್ತೇನೆ. ಅಜ್ಜ ಹೆಬ್ಬೆರಳಿನಲ್ಲೇ ಅಳೆಯುತ್ತಾರೆ.

ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡದ ಬಂಡೆಗಳ ಮೇಲೆ ನವಶಿಲಾಯುಗದ ಜನ ಕಲ್ಲು ತಿಕ್ಕಿದ ಗುಳಿಗಳಿವೆ. ಅಲ್ಲಿ ಸುಟ್ಟು ಕರಕಾಗಿ ಸಿಕ್ಕ ಕಾಳುಗಳಲ್ಲಿ ಹುರುಳಿ, ಹೆಸರು, ಕೊರಲೆ ಇದ್ದವು. ಆಗ ತಿರುಗುವ ಕಲ್ಲು ಇರಲಿಲ್ಲ, ಹಾಸುಗಲ್ಲಿನ ಮೇಲೆ ಹಿಂದೆ ಮುಂದೆ ಅರೆಯುವುದು ಅಷ್ಟೇ. ಅಜ್ಜನ ಉಳಿಯ ಸದ್ದು ಕೇಳುತ್ತಾ ಕೂತಾಗ ಸುಮ್ನೆ ಅದು ನೆನಪಾಯಿತು.

ಕೀಲಿನ ಗೋಳು

ಹಳೇ ಪದ್ಧತಿಯಲ್ಲಿ ಮೇಲಿನ ಕಲ್ಲು ಕೆಳಗಿನದರ ಮೇಲೆ ನೇರ ಕೂರುತ್ತದೆ. ಕೀಲು ಇರುವುದು ಕಲ್ಲು ಜರುಗದಿರಲಿ ಅಂತ ಮಾತ್ರ. ಹಿಟ್ಟಿಗೆ ಅದು ಸಾಕು. ನನಗೆ ನುಚ್ಚು ಬೇಕು. ಅಂದರೆ ಎರಡು ಕಲ್ಲಿನ ನಡುವೆ ಸಂದು ಬೇಕು, ಆ ಸಂದು ನನ್ನ ಕೈಯಲ್ಲಿರಬೇಕು.

ಮೊದಲು ಸೈಕಲ್ ಟಯರಿನ ರಬ್ಬರ್ ಕತ್ತರಿಸಿ 4 ಇಂಚಿನ ಉಂಗುರ ಮಾಡಿ ಕೀಲಿನ ಸುತ್ತ ಹಾಕಿದೆ. ಮೇಲಿನ ಕಲ್ಲು ಅದರ ಮೇಲೆ ಕೂತಿತು. ಸಂದು ಬಂತು. ಬಾಯಿಗೆ ಹಿಡಿ ಜೋಳ ಹಾಕಿ ತಿರುಗಿಸಿದೆ. ಇಪ್ಪತ್ತು ಸುತ್ತಾದರೂ ಒಂದು ಚೂರೂ ಹೊರಗೆ ಬರಲಿಲ್ಲ. ಬಾಯಿಯಿಂದ ಕಾಳು ಹೊರಗೆ ಹೋಗುವ ದಾರಿಯನ್ನೇ ನನ್ನ ಉಂಗುರ ಮುಚ್ಚಿಬಿಟ್ಟಿತ್ತು! ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿ, ಏನೂ ಅನ್ನದೆ ಒಳಗೆ ಹೋದಳು.

ಎರಡನೇ ಸಲ ಬಾಯಿಗೆ ಅಡ್ಡಪಟ್ಟಿ ಕೊಟ್ಟೆ. ಅಜ್ಜನ ಹತ್ತಿರ ಮತ್ತೆ ಹೋಗಿ ಮೇಲಿನ ಕಲ್ಲಿನ ಕೆಳಮೈಯಲ್ಲಿ, ಬಾಯಿಯ ಎರಡೂ ಕಡೆ ಎದುರುಬದುರು ಕಚ್ಚು ಕಡಿಸಿದೆ. ಬಡಿಗೇರ ಅಣ್ಣನ ಹತ್ತಿರ ಒಂದು ಇಂಚು ಅಗಲದ ಜಾಲಿ ಕಟ್ಟಿಗೆ ಪಟ್ಟಿ ಮಾಡಿಸಿ ಆ ಕಚ್ಚಿಗೆ ಬಿಗಿಯಾಗಿ ಬಡಿದೆ. ಪಟ್ಟಿಯ ನಡುವೆ ತೂತು. ಕೆಳಗಿನ ಕಲ್ಲಿಗೆ ಕಟ್ಟಿಗೆ ಕೀಲಿನ ಬದಲು 12 ಎಂಎಂ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್. ಬೋಲ್ಟಿನ ಮೇಲೆ ನಟ್, ನಟ್ಟಿನ ಮೇಲೆ ಅಗಲ ವಾಷರ್, ವಾಷರಿನ ಮೇಲೆ ಪಟ್ಟಿ. ಇಡೀ ಕಲ್ಲು ಈಗ ನಟ್ಟಿನ ಮೇಲೆ ನಿಂತಿದೆ. ಕಾಳು ಪಟ್ಟಿಯ ಎರಡೂ ಬದಿಯಿಂದ ಇಳಿಯುತ್ತದೆ. ನಟ್ ಮೇಲೆ ಸುತ್ತಿದರೆ ಸಂದು ಜಾಸ್ತಿ, ಕೆಳಗೆ ಸುತ್ತಿದರೆ ಕಡಿಮೆ. 12 ಎಂಎಂ ಬೋಲ್ಟಿನಲ್ಲಿ ನಟ್ ಒಂದು ಸುತ್ತಿಗೆ 1.75 ಎಂಎಂ ಏರುತ್ತದೆ ಅಥವಾ ಇಳಿಯುತ್ತದೆ. ಅರ್ಧ ಸುತ್ತು ಅಂದರೆ ಒಂದು ಎಂಎಂಗೆ ಸ್ವಲ್ಪ ಕಡಿಮೆ. ಇಷ್ಟು ಲೆಕ್ಕ ಸಿಕ್ಕಿದ ಮೇಲೆ ನನಗೆ ನಿದ್ದೆ ಚೆನ್ನಾಗಿ ಬಂತು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕಲ್ಲಿನ ಗುಳಿಯಲ್ಲಿ ಬೋಲ್ಟ್ ಅಲುಗದ ಹಾಗೆ ನಿಲ್ಲಿಸುವುದು ಹೇಗೆ ಅಂತ ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಕೇಳಿದೆ. "ಸೀಸ ಕರಗಿಸಿ ಹುಯ್ದುಬಿಡು, ಜನ್ಮದಾಗ ಅಲುಗಂಗಿಲ್ಲ" ಅಂದರು. ಕೆಲಸದ ಮಟ್ಟಿಗೆ ಅದು ನಿಜ. ಆದರೆ ತಿನ್ನುವ ಹಿಟ್ಟಿನ ಕಲ್ಲಿಗೆ ಸೀಸ ಬೇಡವೇ ಬೇಡ. 1980ರ ದಶಕದಲ್ಲಿ ಪ್ಯಾಲೆಸ್ಟೈನಿನ ಹಳ್ಳಿಗಳಲ್ಲಿ ಹೀಗೆ ಸೀಸ ಹುಯ್ದ ಹಿಟ್ಟಿನ ಕಲ್ಲುಗಳಿಂದ ಮನೆಮಂದಿಗೆಲ್ಲ ವಿಷ ಏರಿತ್ತು. ಸೀಸ ರಕ್ತದೊತ್ತಡವನ್ನೂ ಏರಿಸುತ್ತದೆ. ಬಿಪಿ ಇಳಿಸಲು ನುಚ್ಚು, ಆ ನುಚ್ಚಿನಲ್ಲೇ ಸೀಸ, ಯಾವ ನ್ಯಾಯ? ಬೋಲ್ಟಿನ ತಲೆ ಕೆಳಗೆ ಮಾಡಿ ಇಳಿಸಿ, ಸುತ್ತ ಒಣ ಜಾಲಿ ಬೆಣೆ ಬಡಿದೆ. ಅಲುಗಿಲ್ಲ.

ಕೂಡಿಸಿದ ಮೇಲೆ ಕೆಳಗಿನ ಕಲ್ಲಿಗೆ ಹುರಮಂಜು (ಕೆಂಪು ಮಣ್ಣು) ಸವರಿ, ನಟ್ ಪೂರ್ತಿ ಇಳಿಸಿ, ಮೇಲಿನದನ್ನು ಎರಡು ಸುತ್ತು ತಿರುಗಿಸಿ ಎತ್ತಿ ನೋಡಿದೆ. ಕೆಂಪು ಹತ್ತಿದ ಕಡೆಯೆಲ್ಲ ಉಬ್ಬು. ಮೂರು ಕಡೆ ಇತ್ತು. ಉಳಿಯಲ್ಲಿ ಸವರಿ, ಮತ್ತೆ ಹಚ್ಚಿ, ಮತ್ತೆ ನೋಡಿ, ಒಟ್ಟು ಐದು ಸಲ. 20 ಕೆಜಿ ಕಲ್ಲು ಐದು ಸಲ ಎತ್ತಿ ಇಳಿಸಿದರೆ ಸೊಂಟ ಏನಾಗುತ್ತದೆ ಅಂತ ಬರೆಯುವುದು ಬೇಡ.

ಹೊಸ ಕಚ್ಚಿನ ಕಲ್ಲು ಮೊದಲು ಮರಳು ಉದುರಿಸುತ್ತದೆ. ಮೂರು ಕೆಜಿ ತೌಡು, ಹಳೇ ಜೋಳ ಸೇರಿಸಿ ಬೀಸಿ ಚೆಲ್ಲಿದೆ. ಆ ತೌಡಿನಲ್ಲಿ ಸ್ಪೀಕರಿನ ಆಯಸ್ಕಾಂತ ಆಡಿಸಿದರೆ ಉಳಿಯ ಕಬ್ಬಿಣದ ಚೂರು ಸಿಕ್ಕವು. ದನಕ್ಕೂ ಹಾಕಲಿಲ್ಲ.

ನುಚ್ಚು ಬಂತು, ಹೋಯಿತು, ಮತ್ತೆ ಬಂತು

ಕಲ್ಲಿಗೆ ಕಲ್ಲು ತಾಗುವ ಕಡೆಯಿಂದ ನಟ್ ಅರ್ಧ ಸುತ್ತು ಮೇಲೆತ್ತಿ ಬೀಸಿದಾಗ ಒಂದು ಕಾಳಿಗೆ ನಾಲ್ಕೈದು ಚೂರು. ಬಿಳಿ ಚೂರು, ಅಂಚಿಗೆ ಸಿಪ್ಪೆ ಅಂಟಿಕೊಂಡೇ ಇದೆ. ಸಾಣಿಗೆ ಹಿಡಿದರೆ ಕೆಳಗೆ ಬೀಳುವ ಹಿಟ್ಟು ಸ್ವಲ್ಪವೇ. ಒಂದು ಪೂರ್ತಿ ಸುತ್ತು ಕೊಟ್ಟರೆ ಎರಡು ಮೂರು ಹೋಳಾದ ಕಡಿ. ಅದು ಬೇಯಲು ಕುಕ್ಕರಿನಲ್ಲಿ ಆರು ಸೀಟಿ ಬೇಕಾಯಿತು. ಅರ್ಧ ಸುತ್ತೇ ಸರಿ ಅಂತ ತೀರ್ಮಾನ ಮಾಡಿದೆ.

ಎರಡನೇ ದಿನ ಅವ್ವ ಬೀಸಿದಳು. ಮೊದಲ ಸೇರು ನುಚ್ಚು, ಎರಡನೇ ಸೇರು ರವೆ, ಮೂರನೆಯದು ಬರೀ ಹಿಟ್ಟು. "ನಿನ್ನ ಯಂತ್ರಕ್ಕ ಬುದ್ಧಿ ಐತಿ, ತಾನ ಬದಲಾಗತೈತಿ" ಅಂದಳು. ಎತ್ತಿ ನೋಡಿದರೆ ನಟ್ ಕೆಳಗಿಳಿದಿದೆ. ಅವ್ವ ಕಲ್ಲು ಬಲಕ್ಕೆ ತಿರುಗಿಸುತ್ತಾಳೆ. ವಾಷರಿನ ತಿಕ್ಕಾಟಕ್ಕೆ ನಟ್ಟೂ ಜೊತೆಗೆ ಬಲಕ್ಕೆ ಸುತ್ತಿಕೊಂಡು ಇಳಿದಿದೆ. ದಿನಾ ಹತ್ತು ಮೋಟರ್ ಬಿಚ್ಚುವವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಕೆಳಗೆ ಇನ್ನೊಂದು ನಟ್ ಹಾಕಿ ಎರಡನ್ನೂ ಒಂದಕ್ಕೊಂದು ಬಿಗಿದೆ. ಅದಾದ ಮೇಲೆ ಜರುಗಿಲ್ಲ. ಅರ್ಧ ಸುತ್ತಿನ ಗುರುತಿಗೆ ಅಕ್ಕನ ನೇಲ್ ಪಾಲಿಶ್ ಚುಕ್ಕಿ, ನಟ್ಟಿನ ಪಕ್ಕಕ್ಕೆ.

ಮೋಟರ್ ಯಾಕೆ ಹಾಕಲಿಲ್ಲ ಅಂತ ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ. ಕೈಯಲ್ಲಿ ನಿಮಿಷಕ್ಕೆ ನಲವತ್ತು ಐವತ್ತು ಸುತ್ತು. ಮೋಟರಿನದು 1440. ಅಷ್ಟು ಇಳಿಸಲು ಗೇರ್ ಬಾಕ್ಸ್ ಬೇಕು. ನಮಗೆ ವಾರಕ್ಕೆ ಬೇಕಾದ್ದು ಎರಡು ಕೆಜಿ ನುಚ್ಚು. ದುಡ್ಡು ದಂಡ.

ರೊಟ್ಟಿ ಹಿಟ್ಟಿಗೂ ಇದೇ ಕಲ್ಲು ಬಳಸೋಣ ಅಂತ ನನ್ನ ಆಸೆ. ಅವ್ವ ಒಂದು ದಿನ ತಟ್ಟಿ ನೋಡಿದಳು. ರೊಟ್ಟಿ ಎತ್ತುವಾಗಲೇ ಹರಿಯಿತು. "ಜಿಗಟಿಲ್ಲ" ಅಂದಳು. ರೊಟ್ಟಿ ಹಿಟ್ಟು ಗಿರಣಿಗೇ ಹೋಗುತ್ತದೆ. ನವಣೆಯ ಸಿಪ್ಪೆ ಬಿಡಿಸುವುದನ್ನೂ ನೋಡಿದೆ. ಅರ್ಧಕ್ಕರ್ಧ ಪುಡಿಯಾಯಿತು. ಆ ಆಸೆಯನ್ನೂ ಬಿಟ್ಟೆ. ಪೂರ್ತಿ ಪಾಲಿಶ್ ಆಗದ, ಸ್ವಲ್ಪ ಕಂದು ಬಣ್ಣದ ನವಣೆ ಅಕ್ಕಿ ಕೊಂಡು ತರುತ್ತೇವೆ.

ಅಪ್ಪನನ್ನು ಒಪ್ಪಿಸುವುದು

ಕಲ್ಲಿಗಿಂತ ಇದು ಕಷ್ಟದ ಕೆಲಸ. ತಟ್ಟೆಯಲ್ಲಿ ನುಚ್ಚು ನೋಡಿದ ಕೂಡಲೇ ಅಪ್ಪನ ಮುಖ ಸಣ್ಣದಾಯಿತು. "ಇದನ್ನ 72ರ ಬರಗಾಲದಾಗ ತಿಂದದ್ದು ಸಾಕಾಗೇತಿ" ಅಂದರು. ಅಪ್ಪ ಸಣ್ಣವರಿದ್ದಾಗ ಅನ್ನ ಅಂದರೆ ಹಬ್ಬ. ಯುಗಾದಿಗೆ, ದೀಪಾವಳಿಗೆ, ಮನೆಗೆ ಬೀಗರು ಬಂದರೆ ಮಾತ್ರ. ಆಮೇಲೆ ತುಂಗಭದ್ರಾ ಕಾಲುವೆಯ ಭತ್ತ ಬಂತು, ಗಂಗಾವತಿ ಸೋನಾಮಸೂರಿ ಮನೆಮನೆಗೆ ಬಂತು, ದಿನಾ ರಾತ್ರಿ ಹಬ್ಬವಾಯಿತು. ಈಗ ಮಗ ಬಂದು ಹಬ್ಬ ಸಾಕು, ಬರಗಾಲ ತಿನ್ನು ಅಂದರೆ ಯಾರು ತಿಂತಾರೆ? ನಾನು ನಾರು, ಪಿಷ್ಟ ಅಂತ ಹೇಳಲು ಹೋದೆ. ಅವ್ವ ನನ್ನನ್ನು ಸುಮ್ಮನಿರಿಸಿದಳು.

ಮರುದಿನ ಅವಳು ನುಚ್ಚನ್ನು ಮೊದಲು ಬಾಣಲಿಯಲ್ಲಿ ಘಮ್ ಅನ್ನುವ ತನಕ ಹುರಿದಳು. ಒಂದಕ್ಕೆ ನಾಲ್ಕು ನೀರು ಹಾಕಿ ಬೇಯಿಸಿದಳು. ಕಾಲು ಭಾಗ ಹೆಸರುಬೇಳೆ ಸೇರಿಸಿದಳು. ಪಕ್ಕಕ್ಕೆ ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಗಟ್ಟಿ ಮಜ್ಜಿಗೆ, ಅಗಸಿ ಹಿಂಡಿ (ಅಗಸೆ ಚಟ್ನಿಪುಡಿ). ಅಪ್ಪ ಮಾತಾಡದೆ ಉಂಡರು. ಎದ್ದು ಕೈ ತೊಳೆಯುವಾಗ "ಪಲ್ಯ ಚಲೋ ಆಗಿತ್ತು" ಅಂದರು. ನುಚ್ಚಿನ ಹೆಸರೆತ್ತಲಿಲ್ಲ. ಅವ್ವ ಅಷ್ಟಕ್ಕೇ ಖುಷಿ.

ಅಗಸಿ ಹಿಂಡಿಯದು ಬೇರೆಯೇ ಕತೆ. ಅಗಸೆಯ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಮೆಗಾ 3 ಜಾತಿಯ ಕೊಬ್ಬಿದೆ, ನಾರೂ ಚೆನ್ನಾಗಿದೆ. ಆದರೆ ಇಡೀ ಕಾಳು ನುಂಗಿದರೆ ಬಂದ ಹಾಗೇ ಹೊರಗೆ ಹೋಗುತ್ತದೆ. ಒಡೆಯಲೇಬೇಕು. ನಾನು ಹುಮ್ಮಸ್ಸಿನಲ್ಲಿ ಹುರಿದ ಅಗಸೆಯನ್ನು ಬೀಸುಕಲ್ಲಿಗೇ ಹಾಕಿದೆ. ಎಣ್ಣೆ ಬಿಟ್ಟು ಕಲ್ಲಿನ ಕಚ್ಚಿನ ತುಂಬ ಗೋಂದಿನ ಹಾಗೆ ಮೆತ್ತಿತು. ಒಣ ಜೋಳ ಹಾಕಿ ಹಾಕಿ ಬೀಸಿ, ಬ್ರಷ್ಷಿನಲ್ಲಿ ತಿಕ್ಕಿ ತೆಗೆಯಲು ಒಂದು ಸಂಜೆ ಹೋಯಿತು. ಹಿಂಡಿಗೆ ಒರಳೇ ಸರಿ. ಅದೂ ಒಂದೇ ಸಲ ರಾಶಿ ಮಾಡಿಡುವುದಲ್ಲ. ಪುಡಿಯಾದ ಅಗಸೆ ಬೇಗ ಕಮಟು ಹಿಡಿಯುತ್ತದೆ. ನಾವು ಹತ್ತು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಕುಟ್ಟುತ್ತೇವೆ.

ಹಿಂಡಿಯ ಉಪ್ಪನ್ನು ತೂಗಿ ನೋಡಿದಾಗ ನಾನೇ ಬೆಚ್ಚಿದೆ. 250 ಗ್ರಾಂ ಅಗಸೆಗೆ ಅವ್ವ ಕೈಯಳತೆಯಲ್ಲಿ ಹಾಕುತ್ತಿದ್ದ ಉಪ್ಪು 18 ಗ್ರಾಂ. ಬೆಳ್ಳುಳ್ಳಿ, ಖಾರ ಎಲ್ಲ ಸೇರಿ 300 ಗ್ರಾಂ ಹಿಂಡಿ. ಅಪ್ಪ ಒಂದು ಊಟಕ್ಕೆ 20 ಗ್ರಾಂ ಹಾಕಿಕೊಳ್ಳುತ್ತಾರೆ, ಎರಡು ಊಟಕ್ಕೆ 40. ಅಂದರೆ 2.4 ಗ್ರಾಂ ಉಪ್ಪು ಬರೀ ಹಿಂಡಿಯಿಂದ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 5 ಗ್ರಾಂ ಒಳಗಿರಲಿ ಅನ್ನುತ್ತದೆ. ಪಲ್ಯ, ಮಜ್ಜಿಗೆ, ಉಪ್ಪಿನಕಾಯಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಉಪ್ಪನ್ನು 8 ಗ್ರಾಂಗೆ ಇಳಿಸಿದೆವು. ಹುಣಸೆ, ಜೀರಿಗೆ, ಬೆಳ್ಳುಳ್ಳಿ ಏರಿಸಿದೆವು. ಮೊದಲ ವಾರ ಎಲ್ಲರೂ ಗೊಣಗಿದರು, ನಾನೂ ಸೇರಿ. ಸೋಡಿಯಂ ಕಡಿಮೆ ಇರುವ ಉಪ್ಪು ತರಲಾ ಅಂತ ಡಾಕ್ಟರನ್ನು ಕೇಳಿದೆ. ಅಪ್ಪನ ಬಿಪಿ ಮಾತ್ರೆಗೆ ಅದು ಬೇಡ, ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ ಅಂದರು. ಕಿಡ್ನಿ ತೊಂದರೆ ಇದ್ದವರೂ ಕೇಳದೆ ತರಬಾರದಂತೆ.

ಮೀಟರ್ ಹಿಡಿದು

ಕಲ್ಲಿನ ಸಂದಿನಿಂದ ನಿಜವಾಗಿ ಏನಾದರೂ ಆಗುತ್ತಾ ಅಂತ ನೋಡದೆ ನನಗೆ ಸಮಾಧಾನ ಇರಲಿಲ್ಲ. ರಾತ್ರಿ 8ಕ್ಕೆ ಊಟ. ಹಸಿ ತೂಕ 60 ಗ್ರಾಂ, ಮೂರು ಬಗೆ: ಅನ್ನ, ಗಿರಣಿ ಹಿಟ್ಟಿನ ಗಂಜಿ, ಅರ್ಧ ಸುತ್ತಿನ ನುಚ್ಚು. ಈ ಒಂಬತ್ತು ದಿನ ಬೇಳೆ ಸೇರಿಸಲಿಲ್ಲ. ಪಲ್ಯ, ಮಜ್ಜಿಗೆ ಒಂದೇ ಅಳತೆ. ಮಾತ್ರೆ ಎಂದಿನಂತೆ. ಮೊದಲ ತುತ್ತಿನಿಂದ ಎರಡು ತಾಸಿಗೆ ಬೆರಳು ಚುಚ್ಚಿ ಶುಗರ್ ಮೀಟರಿನಲ್ಲಿ ನೋಡುವುದು. ಒಂದೊಂದೂ ಮೂರು ರಾತ್ರಿ.

ಅನ್ನಕ್ಕೆ 204, 211, 198. ಗಂಜಿಗೆ 190, 201, 187. ನುಚ್ಚಿಗೆ 172, 168, ಆಮೇಲೆ 243.

243 ನೋಡಿ ಎದೆ ಧಸಕ್ ಅಂತು. ಇಷ್ಟೆಲ್ಲ ಮಾಡಿ ಕಲ್ಲು ಕೈಕೊಟ್ಟಿತಾ? ಅಪ್ಪ ಶಾಂತವಾಗಿ ಪಂಚೆಗೆ ಕೈ ಒರೆಸಿಕೊಂಡರು. ಒರೆಸಿದ ಕಡೆ ಕಂದು ಕಲೆ. ಮೊಮ್ಮಗಳಿಗೆ ಆಗಷ್ಟೇ ಬೆಲ್ಲ ಚೂರು ಮಾಡಿ ಕೊಟ್ಟಿದ್ದಾರೆ. ಬೆರಳಿಗೆ ಅಂಟಿದ ಬೆಲ್ಲವನ್ನು ಮೀಟರ್ ಓದಿದೆ. ಸೋಪು ಹಾಕಿ ತೊಳೆಸಿ, ಒರೆಸಿ, ಇನ್ನೊಂದು ಬೆರಳು ಚುಚ್ಚಿದೆ. 175. ಬೆಲ್ಲ ಬರೀ ಕೈಗೆ ಅಂಟಿತ್ತಾ, ಬಾಯಿಗೂ ಹೋಗಿತ್ತಾ ಅಂತ ನಾನು ಕೇಳಲಿಲ್ಲ.

ಮನೆಯ ಮೀಟರಿಗೆ ನೂರಕ್ಕೆ ಹದಿನೈದರಷ್ಟು ಹೆಚ್ಚುಕಡಿಮೆ ಮಾನ್ಯ ಇದೆ. ಆದ್ದರಿಂದ ಗಂಜಿಗೂ ಅನ್ನಕ್ಕೂ ನಡುವಿನ ಹತ್ತು ಹದಿನೈದು ಅಂಕಿಯನ್ನು ನಾನು ನಂಬುವುದಿಲ್ಲ. ಅನ್ನಕ್ಕೂ ನುಚ್ಚಿಗೂ ಇರುವ ಮೂವತ್ತನ್ನು ಸ್ವಲ್ಪ ನಂಬುತ್ತೇನೆ. ಅದೂ ಅಪ್ಪ ಒಬ್ಬರ ಮಟ್ಟಿಗೆ. ಇನ್ಸುಲಿನ್ ಅಥವಾ ಶುಗರ್ ಜೋರಾಗಿ ಇಳಿಸುವ ಮಾತ್ರೆ ತಗೊಳ್ಳುವವರು ನನ್ನ ಹಾಗೆ ಊಟ ಬದಲಿಸಿ ಆಟ ಆಡುವುದು ಬೇಡ. ಶುಗರ್ ಕುಸಿದರೆ ಏರಿದ್ದಕ್ಕಿಂತ ಬೇಗ ಅಪಾಯ. ಮೊದಲು ಡಾಕ್ಟರನ್ನು ಕೇಳಿ.

ಇನ್ನೊಂದು ಕಡೆ ನಾನು ಪೂರ್ತಿ ಸೋತಿದ್ದೇನೆ. ಭಾನುವಾರ ಬೆಳಿಗ್ಗೆ ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ. ಅದನ್ನು ಬಿಡಿ ಅನ್ನುವ ಧೈರ್ಯ ನನಗಿಲ್ಲ, ಡಾಕ್ಟರಿಗೂ ಹೇಳಿಲ್ಲ. ನಾಲ್ಕು ಇದ್ದದ್ದು ಎರಡಾಗಿದೆ.

ಮೇ

ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಅದಕ್ಕೇ ಎಚ್‌ಬಿಎ1ಸಿ ನೋಡಲು ಮೂರು ತಿಂಗಳು ಕಾಯಿಸುತ್ತಾರೆ. ಈ ಸಲ 6.9. ಟ್ರೈಗ್ಲಿಸರೈಡ್ 182. ಎಲ್‌ಡಿಎಲ್ 129, ದೊಡ್ಡ ಬದಲಾವಣೆ ಏನಲ್ಲ. ಬಿಪಿ 134/84. ಮಾತ್ರೆ ಇದೆ, ಸಂಜೆ ಗವಿಮಠದ ತನಕ ನಡೆಯುವುದು ಶುರುವಾಗಿದೆ, ಉಪ್ಪು ಇಳಿದಿದೆ, ನುಚ್ಚು ವಾರಕ್ಕೆ ಐದು ರಾತ್ರಿ. ಯಾವುದರಿಂದ ಎಷ್ಟು ಅಂತ ಬಿಡಿಸಿ ಹೇಳಲು ಆಗುವುದಿಲ್ಲ. ಡಾಕ್ಟರ್ ಮಾತ್ರೆ ಹಾಗೇ ಮುಂದುವರಿಸಿದ್ದಾರೆ. ಅಪ್ಪ "ನುಚ್ಚು ತಿಂತೀನಲ್ಲ, ಮಾತ್ರಿ ಯಾಕ?" ಅಂದರು. ಬಿಡುವ ಹಾಗಿಲ್ಲ ಅಂತ ಅವರ ಎದುರಿಗೇ ಹೇಳಿಸಿದೆ.

ಕಲ್ಲಿನ ಕಚ್ಚು ಅಂಚಿನ ಕಡೆ ಆಗಲೇ ಮಂಕಾಗಿದೆ. ಮಳೆಗಾಲಕ್ಕೆ ಮುಂಚೆ ಅಜ್ಜನ ಹತ್ತಿರ ಇನ್ನೊಮ್ಮೆ ಒಯ್ಯಬೇಕು. ಅಡ್ಡಪಟ್ಟಿಯ ತೂತೂ ಒಂದು ಕಡೆ ಸ್ವಲ್ಪ ಸವೆದು ಕಲ್ಲು ಓಲಾಡುತ್ತಿದೆ. ಅದಕ್ಕೊಂದು ಸ್ಟೀಲ್ ಬುಶ್ ತಿರುವಬೇಕು.

ನಿನ್ನೆ ಎದುರು ಮನೆಯ ಅಮ್ಮ ಒಂದು ಡಬ್ಬಿ ಬಿಳಿಜೋಳ ಇಟ್ಟು ಹೋಗಿದ್ದಾರೆ. ಅವರಿಗೂ ಶುಗರ್, ಮೇಲಿನ ಹಲ್ಲೂ ಇಲ್ಲ. ಅರ್ಧ ಸುತ್ತಿನ ನುಚ್ಚು ಅವರಿಗೆ ಅಗಿಯಲು ಆಗುವುದಿಲ್ಲ. ನಟ್ ಕಾಲು ಸುತ್ತಿಗೆ ಇಳಿಸಿ ಬೀಸಿ ಕೊಡಬೇಕು. ನೇಲ್ ಪಾಲಿಶ್ ಎಲ್ಲಿಟ್ಟಿದ್ದಾಳೋ ಅಕ್ಕನನ್ನು ಕೇಳಬೇಕು.